ಇಂಡಾಫ್ ರಾಗಿ ಕುಲಾಂತರಿಯೇ? ‘ರಾಗಿ ಬ್ರಹ್ಮ’ ಲಕ್ಷ್ಮಣಯ್ಯನವರ ಕತೆ ಓದಿ

ಇಂಡಾಫ್ ರಾಗಿ ವಿದೇಶಿ ಕುಲಾಂತರಿ ತಳಿ, ತಿಂದರೆ ಕಾಯಿಲೆ ಗ್ಯಾರಂಟಿ ಎನ್ನುವಂಥ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ. ಇಂಡಾಫ್ ಯಾವ ಕಂಪನಿಯೂ ಅಲ್ಲ. ಇಂಡಿಯಾ, ಆಫ್ರಿಕಾ ಎರಡೂ ಹೆಸರು ಸೇರಿ ಆದ ಪದ ಅದು. ಆ ತಳಿಗಳನ್ನು ಕೊಟ್ಟವರು ಮೈಸೂರು ಬಳಿಯ ಹಾರೋಹಳ್ಳಿಯಲ್ಲಿ 1921ರಲ್ಲಿ ಹುಟ್ಟಿದ ಲಕ್ಷ್ಮಣಯ್ಯ.

ಅವರು ಆಯಸ್ಸಿನ ಬಹುಭಾಗ ಕಳೆದದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ. ರಾಗಿಯ ಎರಡು ತಳಿ ಕೂಡಿಸುವುದು ಹುಡುಗಾಟವಲ್ಲ. ಹೂವು ತೀರಾ ಚಿಕ್ಕದು. ಬೆಳಕು ಹರಿಯುವ ಮೊದಲೇ ಅರಳಿ ತನ್ನದೇ ಪರಾಗದಿಂದ ಕಾಳು ಕಟ್ಟಿಬಿಡುತ್ತದೆ. ಆದರೂ ಅರುಣಾ, ಉದಯ, ಪೂರ್ಣ, ಕಾವೇರಿ ತಳಿಗಳು ಒಂದೊಂದಾಗಿ ಬಂದವು. ಆಮೇಲೆ ಅವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಸಂಕರ ಮಾಡಿದರು. ರಾಗಿಯ ತವರೇ ಆಫ್ರಿಕಾ, ಹಾಗಾಗಿ ಇದು ನೆಂಟರ ಮನೆಯ ಸಂಬಂಧ! ಪ್ರಯೋಗಾಲಯದಲ್ಲಿ ಬೇರೆ ಜೀವಿಯ ಜೀನ್ ತುರುಕಿದ್ದೇನಲ್ಲ. ಮುಂಗಾರಿಗೆ, ತಡ ಬಿತ್ತನೆಗೆ, ಬೇಸಿಗೆಗೆ ಎಂದು ಬೇರೆ ಬೇರೆ ಇಂಡಾಫ್ ತಳಿಗಳು ಸಿಕ್ಕವು, ಇಳುವರಿ ಏರಿತು.

ಆದರೆ ಬೆಂಕಿ ರೋಗದ ಕಾಟ ತಪ್ಪಿರಲಿಲ್ಲ. ಈ ಶಿಲೀಂಧ್ರ ತೆನೆಯ ಕುತ್ತಿಗೆಗೆ ತಗುಲಿದರೆ ಅಲ್ಲಿ ಕಪ್ಪಾಗಿ ಕಾಳು ಜೊಳ್ಳಾಗುತ್ತದೆ. ಗೌರಸಮುದ್ರದಂಥ ಒಣ ಸೀಮೆಯ ರೈತ ಮಳೆ ಕಾದು ಬೆಳೆದದ್ದು ಕೊಯ್ಲಿನ ಹೊತ್ತಿಗೆ ಹೀಗಾದರೆ ವರ್ಷದ ಮುದ್ದೆಗೇ ಕುತ್ತು. ರೋಗಾಣುವೂ ಸುಮ್ಮನಿರುವುದಿಲ್ಲ, ಬದಲಾಗುತ್ತಲೇ ಇರುತ್ತದೆ. ಗಿಡದ ಒಂದೇ ಜೀನ್ ನಂಬಿಕೊಂಡ ನಿರೋಧಕ ಶಕ್ತಿ ಎಷ್ಟೋ ಬಾರಿ ಕೆಲವೇ ವರ್ಷಗಳಲ್ಲಿ ಸೋಲುತ್ತದೆ. ಅದಕ್ಕೇ ತಳಿ ವಿಜ್ಞಾನಿಗಳು ಹಲವು ಮೂಲಗಳ ಗುಣಗಳನ್ನು ಒಂದೇ ಗಿಡಕ್ಕೆ ತರಲು ನೋಡುತ್ತಾರೆ.

ಲಕ್ಷ್ಮಣಯ್ಯ 1993ರಲ್ಲಿ ತೀರಿಕೊಂಡರು. ಅವರ ಇಂಡಾಫ್-5 ಮತ್ತು ಇಂಡಾಫ್-9ಕ್ಕೆ ಐಇ-1012 ಎಂಬ ಮತ್ತೊಂದು ರಾಗಿಯನ್ನು ಸೇರಿಸಿ ಬೆಂಗಳೂರಿನ ಜಿಕೆವಿಕೆಯಲ್ಲಿ ಬೆಳೆಸಿದ್ದೇ ಜಿಪಿಯು-28. ಕುತ್ತಿಗೆ ಬೆಂಕಿ ರೋಗವನ್ನು ತಡೆಯುವ ಈ ತಳಿಯನ್ನು ರೈತರು ಎರಡು ದಶಕಕ್ಕೂ ಮೀರಿ ಬಿತ್ತಿದ್ದಾರೆ. ಅದನ್ನು ತಯಾರಿಸಿದವರು ಬೇರೆ ವಿಜ್ಞಾನಿಗಳು, ಆ ಶ್ರೇಯ ಅವರದೇ. ಆದರೆ ಅವರು ಕೆಲಸ ಶುರುಮಾಡಿದ್ದು ಲಕ್ಷ್ಮಣಯ್ಯನವರ ಬೀಜದಿಂದ ಎಂಬುದನ್ನು ನಾವು ಮರೆಯುವಂತಿಲ್ಲ.

ಇನ್ನೊಂದು ಮಾತು. ಇವು ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕಾದ ಹೈಬ್ರಿಡ್ ಬೀಜಗಳಲ್ಲ. ಆರೋಗ್ಯವಾದ ತೆನೆ ಆರಿಸಿ ಎತ್ತಿಟ್ಟರೆ ಮುಂದಿನ ವರ್ಷ ಅದನ್ನೇ ಬಿತ್ತಬಹುದು.