ಇಬ್ರಾಹಿಂ ಮುತಫರ್ರಿಕಾ: ಅಚ್ಚುಮೊಳೆಗೆ ಬಾಳು ಕೊಟ್ಟವರು

ಅಕ್ಷರಗಳ ಇತಿಹಾಸ ಓದುವಾಗ ನನ್ನನ್ನು ಬಹಳ ಸೆಳೆದವರು ಇಬ್ರಾಹಿಂ ಮುತಫರ್ರಿಕಾ. ಈಗ ರುಮೇನಿಯಾದಲ್ಲಿರುವ ಕ್ಲೂಜ್ ಅವರ ಹುಟ್ಟೂರು. ಇಸ್ಲಾಂ ಸ್ವೀಕರಿಸಿ, ಉಸ್ಮಾನಿ ಸುಲ್ತಾನರ ಸೇವೆಗೆ ಸೇರಿದರು.

ಇಸ್ತಾಂಬುಲಿನ ಯಹೂದಿಗಳು, ಅರ್ಮೇನಿಯನ್ನರು ಆಗಲೇ ತಮ್ಮ ಲಿಪಿಗಳಲ್ಲಿ ಪುಸ್ತಕ ಅಚ್ಚು ಹಾಕುತ್ತಿದ್ದರು. ಮುಸ್ಲಿಮರ ಪುಸ್ತಕಗಳನ್ನು ಮಾತ್ರ ಕೈಯಲ್ಲೇ ನಕಲು ಮಾಡಬೇಕಿತ್ತು. ಬೆಂಕಿಯಲ್ಲೋ ಯುದ್ಧದಲ್ಲೋ ಪ್ರತಿ ನಾಶವಾದರೆ ಅದರೊಂದಿಗೆ ಜ್ಞಾನವೂ ಹೋಗುತ್ತಿತ್ತು. ಮುದ್ರಣದ ಪ್ರಯೋಜನಗಳನ್ನು ವಿವರಿಸಿ ಇಬ್ರಾಹಿಂ ಮನವಿ ಬರೆದರು. 1727ರಲ್ಲಿ ಸುಲ್ತಾನ್ 3ನೇ ಅಹ್ಮದ್ ಫರ್ಮಾನು ಹೊರಡಿಸಿದರು; ಶೇಖುಲ್ ಇಸ್ಲಾಮರ ಫತ್ವಾ ಕೂಡ ದೊರೆಯಿತು. ಧಾರ್ಮಿಕ ಗ್ರಂಥಗಳನ್ನು ಮಾತ್ರ ಮುದ್ರಿಸುವಂತಿರಲಿಲ್ಲ.

ಕೆಲಸ ಸುಲಭದ್ದಲ್ಲ. ಅರಬಿ ಅಕ್ಷರ ಪದದ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಬೇರೆ ಬೇರೆ ರೂಪ ತಾಳುತ್ತದೆ. ಪ್ರತಿ ರೂಪಕ್ಕೂ ಪ್ರತ್ಯೇಕ ಮೊಳೆ ಬೇಕು. ಜೋಡಿಸಿದಾಗ ಗೆರೆ ತುಂಡಾಗಬಾರದು. 1729ರಲ್ಲಿ ಮೊದಲ ಪುಸ್ತಕ ಹೊರಬಂತು: ಎರಡು ಸಂಪುಟಗಳ ಅರಬಿ-ತುರ್ಕಿ ನಿಘಂಟು. 1742ರವರೆಗೆ ಇತಿಹಾಸ, ಭೂಗೋಳ ಸೇರಿ 17 ಕೃತಿಗಳು ಅಚ್ಚಾದವು.

ಅವರು ತೀರಿಕೊಂಡಾಗ ಮಾರಾಟವಾಗದ ಪ್ರತಿಗಳು ಇನ್ನೂ ಉಳಿದಿದ್ದವು. ಆದರೂ ಅವರ ಶ್ರಮ ವ್ಯರ್ಥವಾಯಿತೆಂದು ನನಗನಿಸುವುದಿಲ್ಲ. ಇಂದು ನಾವು ಮೊಬೈಲಿನಲ್ಲಿ ಉರ್ದು ಟೈಪ್ ಮಾಡಿದರೆ ಅಕ್ಷರ ತಾನಾಗಿ ರೂಪ ಬದಲಿಸುತ್ತದೆ. ಅದೇ ಕೆಲಸವನ್ನು ಅವರು ಲೋಹದ ಮೊಳೆಗಳಲ್ಲಿ, ಒಂದೊಂದಾಗಿ ಮಾಡಿಸಿದ್ದರು.