ಮುಧೋಳದ ಬಳೆಗಾರರ ಮಗ

ಬಾದಾಮಿಯ ಬನಶಂಕರಿ ಜಾತ್ರೆಯನ್ನು ಕಂಡವರಿಗೆ ಅಲ್ಲಿಯ ಬಳೆ ಅಂಗಡಿಗಳ ಸಾಲು ನೆನಪಿರುತ್ತದೆ. ಇಳಕಲ್ಲ ಸೀರೆಯುಟ್ಟ ಹೆಣ್ಣುಮಕ್ಕಳು ಮುಂಗೈ ಚಾಚಿ ಕುಳಿತಿರುತ್ತಾರೆ. ಬಳೆಗಾರ್ತಿ ಒಂದೊಂದೇ ಬಳೆಯನ್ನು ನೋವಾಗದಂತೆ ಗೆಣ್ಣು ದಾಟಿಸುತ್ತಿರುತ್ತಾಳೆ. ಅವಳ ಬೆನ್ನ ಹಿಂದೆ, ಶಾಲೆಯಲ್ಲಿ ಇರಬೇಕಾದ ವಯಸ್ಸಿನ ಹುಡುಗನೊಬ್ಬ ಡಜನ್ ಲೆಕ್ಕ ಹಾಕಿ ಬಳೆಗಳಿಗೆ ದಾರ ಕಟ್ಟುತ್ತಿರುತ್ತಾನೆ. ಈ ಅಂಗಡಿಗಳಲ್ಲಿ ನಮ್ಮವರೂ ಬಹಳ. ಬಾಗಲಕೋಟೆ, ಹುನಗುಂದ, ಇಳಕಲ್ಲದ ಓಣಿಗಳಲ್ಲಿ ಮಣಿಯಾರ ಎಂಬ ಅಡ್ಡಹೆಸರಿನ ಮನೆಗಳು ಇಂದಿಗೂ ಇವೆ. ಹುಡುಗನನ್ನು ಶಾಲೆ ಬಿಡಿಸಬೇಡಿರೆಂದು ಹೇಳಲು ಹೋದರೆ ತಂದೆಯಿಂದ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ: ಬಳೆಗಾರರ ಮಗ ಕಲಿತು ಏನಾಗಬೇಕು?

ಈ ಪ್ರಶ್ನೆಗೆ ನಮ್ಮದೇ ಜಿಲ್ಲೆಯ ಮಣ್ಣಿನಲ್ಲಿ ಸಾವಿರ ವರ್ಷಗಳ ಹಿಂದೆಯೇ ಉತ್ತರ ಸಿಕ್ಕಿದೆ. ಕನ್ನಡ ಬಿ.ಎ. ತರಗತಿಯಲ್ಲಿ ಗದಾಯುದ್ಧವನ್ನು ಓದುವವರೆಗೆ ಈ ಲೇಖಕನಿಗೂ ಅದು ತಿಳಿದಿರಲಿಲ್ಲ. ಪಂಪ, ಪೊನ್ನರ ಜತೆಗೆ ಕನ್ನಡದ ರತ್ನತ್ರಯರೆಂದು ಹೆಸರಾದ ರನ್ನನು ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದವನು.

ಅವನು ಜನಿಸಿದ್ದು ಕ್ರಿ.ಶ. 949ರಲ್ಲಿ. ಆಗ ಮುಧೋಳಕ್ಕೆ ಮುದುವೊಳಲು ಎಂಬ ಹೆಸರಿತ್ತು. ಕೃಷ್ಣೆ ಮತ್ತು ಘಟಪ್ರಭೆಯ ನಡುವಿನ ಜಮಖಂಡಿ ಸೀಮೆಯ ಊರು ಅದು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಧರ್ಮದಿಂದ ಜೈನರು, ಕಸುಬಿನಿಂದ ಬಳೆಗಾರರು. ಮನೆಯಲ್ಲಿ ಅಧಿಕಾರವೂ ಇರಲಿಲ್ಲ, ಪಾಂಡಿತ್ಯದ ಪರಂಪರೆಯೂ ಇರಲಿಲ್ಲ. ಅಂದಿನ ಕಾಲದಲ್ಲಿ ಕಾವ್ಯವೆಂಬುದು ಅರಮನೆ, ಬಸದಿ, ಅಗ್ರಹಾರಗಳ ಸೊತ್ತಾಗಿತ್ತು. ಕವಿಯಾಗಬೇಕಾದರೆ ಸಂಸ್ಕೃತ, ಪ್ರಾಕೃತ, ವ್ಯಾಕರಣ, ಛಂದಸ್ಸು, ಪುರಾಣ ಎಲ್ಲವೂ ಬೇಕು. ಬಳೆಯ ಮಲಾರ ಹೊತ್ತು ಊರೂರು ತಿರುಗುವವರ ಮಗನಿಗೆ ಇದನ್ನೆಲ್ಲ ಯಾರು ಕಲಿಸಬೇಕು?

ರನ್ನನು ಕಲಿಸುವವರನ್ನು ಹುಡುಕಿಕೊಂಡು ಹೊರಟನು. ಅವನ ವಿದ್ಯೆಯ ದಾರಿ ದಕ್ಷಿಣದ ಗಂಗರ ನಾಡಿಗೆ ಸಾಗಿತು. ಮುಧೋಳದಿಂದ ಶ್ರವಣಬೆಳಗೊಳಕ್ಕೆ ಇಂದಿನ ಲೆಕ್ಕದಲ್ಲಿ ನಾನೂರು ಕಿಲೋಮೀಟರಿಗೂ ಮಿಕ್ಕಿದ ದೂರ. ಬಸ್ಸೂ ಇಲ್ಲ, ರೈಲೂ ಇಲ್ಲ. ಕಾಲ್ನಡಿಗೆ ಇಲ್ಲವೆ ಎತ್ತಿನ ಬಂಡಿ. ನಡುವೆ ತುಂಗಭದ್ರೆಯಂಥ ಹೊಳೆಗಳು. ಅಲ್ಲಿ ಅವನಿಗೆ ದೊರೆತ ಗುರು ಅಜಿತಸೇನಾಚಾರ್ಯರು ಸಾಮಾನ್ಯರಲ್ಲ. ಗಂಗರ ದೊರೆ ಮಾರಸಿಂಹನು ರಾಜ್ಯವನ್ನು ತೊರೆದು ಬಂಕಾಪುರಕ್ಕೆ ಬಂದು ವ್ರತ ಹಿಡಿದು ಪ್ರಾಣ ಬಿಟ್ಟದ್ದು ಈ ಗುರುವಿನ ಸನ್ನಿಧಿಯಲ್ಲಿಯೇ. ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನಿಗೂ ಅವರೇ ಗುರು. ರಾಜ, ಮಂತ್ರಿಗಳು ಕೈಮುಗಿದು ನಿಲ್ಲುವ ಅಂಥ ಗುರುವಿನ ಬಳಿ ಬಳೆಗಾರರ ಹುಡುಗನಿಗೂ ಜಾಗ ಸಿಕ್ಕಿತು. ಮದರಸದ ಚಾಪೆಯ ಮೇಲೆ ಸಾಹುಕಾರನ ಮಗನೂ ಕೂಲಿಯ ಮಗನೂ ಒಟ್ಟಿಗೆ ಕೂತು ಅಲಿಫ್ ಬಾ ಕಲಿತದ್ದನ್ನು ಕಂಡ ನಮಗೆ ಇದರ ಬೆಲೆ ಬೇರೆಯವರು ವಿವರಿಸಬೇಕಾಗಿಲ್ಲ.

ಚಾವುಂಡರಾಯನು ರನ್ನನಿಗೆ ಆಸರೆಯಾದನು. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದವನು ಇವನೇ. ತಾನೂ ಲೇಖಕನಾಗಿ 978ರಲ್ಲಿ ಕನ್ನಡ ಗದ್ಯದಲ್ಲಿ ಪುರಾಣವೊಂದನ್ನು ಬರೆದವನು. ಬರೆಯುವವನ ಕಷ್ಟ ಬರೆದವನಿಗೇ ಗೊತ್ತಲ್ಲವೇ? ಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನ ಎಂಬ ಅಕ್ಷರಗಳು ಇಂದಿಗೂ ಇವೆ. ರನ್ನನೇ ತನ್ನ ಕೈಯಾರೆ ಕೆತ್ತಿದ ಹೆಸರೆಂದು ವಿದ್ವಾಂಸರು ಅದನ್ನು ತೋರಿಸುತ್ತ ಬಂದಿದ್ದಾರೆ.

ಆದರೆ ಅವನ ಯೌವನದ ಕಾಲ ಶಾಂತಿಯ ಕಾಲವಾಗಿರಲಿಲ್ಲ. ಅವನು ಹುಟ್ಟಿದಾಗ ನಾಡನ್ನು ಆಳುತ್ತಿದ್ದವರು ಮಳಖೇಡದ ರಾಷ್ಟ್ರಕೂಟರು. 972ರಲ್ಲಿ ಮಾಳವದ ಪರಮಾರರು ಬಂದು ಮಳಖೇಡವನ್ನೇ ಸೂರೆ ಮಾಡಿದರು. ಮರುವರ್ಷ ತೈಲಪನು ರಾಷ್ಟ್ರಕೂಟರನ್ನು ಕೆಡವಿ, ಬಾದಾಮಿಯ ಹಳೆಯ ಚಾಲುಕ್ಯರ ಹೆಸರಿನಲ್ಲಿ ಹೊಸ ರಾಜ್ಯವನ್ನು ಕಟ್ಟಿದನು. ಮಾರಸಿಂಹನ ನಂತರ ಗಂಗರ ನಾಡೂ ನಡುಗತೊಡಗಿತು. ಆಗ ರನ್ನನಿಗೆ ಇಪ್ಪತ್ತೈದರ ಆಸುಪಾಸು. ನೆಚ್ಚಿದ ಮನೆಯ ತೊಲೆ ಅಲುಗಾಡುವುದನ್ನು ಕಾಣುವುದು ಯಾವ ಆಶ್ರಿತನಿಗೂ ಸುಲಭವಲ್ಲ. ಕಲಿತದ್ದು ವ್ಯರ್ಥವಾಯಿತೆಂದು ಅವನು ಮಲಾರ ಹೊರಲು ಊರಿಗೆ ಹಿಂದಿರುಗಲಿಲ್ಲ. ಕಲಿತ ವಿದ್ಯೆಯನ್ನೇ ಹೊತ್ತು ಉತ್ತರಕ್ಕೆ ಬಂದು, ಹೊಸ ದೊರೆಗಳ ನಾಡಿನಲ್ಲಿ ತನ್ನ ಜಾಗವನ್ನು ಹುಡುಕಿಕೊಂಡನು.

ಇಲ್ಲಿ ಒಬ್ಬ ಮಹಿಳೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅವಳಿಲ್ಲದೆ ರನ್ನನ ಕಥೆ ಪೂರ್ತಿಯಾಗುವುದಿಲ್ಲ.

ಅತ್ತಿಮಬ್ಬೆ ಚಾಲುಕ್ಯರ ದಂಡನಾಯಕ ನಾಗದೇವನ ಹೆಂಡತಿ. ಅವಳ ತಂಗಿ ಗುಂಡಮಬ್ಬೆಯೂ ಅವನಿಗೇ ಮಡದಿಯಾಗಿದ್ದಳು. ನಾಗದೇವನು ತೀರಿಕೊಂಡಾಗ ತಂಗಿ ಗಂಡನ ಚಿತೆಯನ್ನೇರಿದಳು. ಅತ್ತಿಮಬ್ಬೆ ಎಳೆಯ ಮಗನಿಗಾಗಿ ಬದುಕಿ ಉಳಿದಳು. ವಿಧವೆಯೆಂದರೆ ಮೂಲೆಯಲ್ಲಿ ಕೂರಬೇಕಾದವಳು ಎಂದು ನಂಬಿದ್ದ ಕಾಲದಲ್ಲಿ ಅವಳು ಕೂರಲಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಸಾವಿರ ಎಂದು ಹೇಳಿ ಮುಂದೆ ಹೋಗಿಬಿಡುವುದು ಸುಲಭ. ಅಚ್ಚಿನ ಯಂತ್ರವಿಲ್ಲದ ದಿನಗಳವು. ತಾಳೆಯ ಗರಿಯನ್ನು ಹದಗೊಳಿಸಿ, ಸಮನಾಗಿ ಕತ್ತರಿಸಿ, ಉಕ್ಕಿನ ಮೊನೆಯಿಂದ ಅಕ್ಷರ ಕೊರೆದು, ಕೊರೆದ ಗೆರೆಗಳು ಕಾಣುವಂತೆ ಮಸಿ ಉಜ್ಜಿ, ತೂತಿನಲ್ಲಿ ದಾರ ಪೋಣಿಸಿ ಕಟ್ಟಬೇಕು. ಒಂದು ಗರಿ ತಪ್ಪಿದರೆ ಮತ್ತೆ ಹೊಸ ಗರಿ. ಒಬ್ಬನ ಕೈಯಿಂದ ಒಂದು ಗ್ರಂಥ ಮುಗಿಯಲು ಎಷ್ಟು ದಿನ, ಸಾವಿರ ಗ್ರಂಥಕ್ಕೆ ಎಷ್ಟು ಕೈ? ಕೈಬರಹದ ಮುಸ್‌ಹಫ್‌ಗಳನ್ನು ಹಳೆಯ ಮಸೀದಿಗಳ ಕಪಾಟುಗಳಲ್ಲಿ ಕಂಡವರಿಗೆ ಈ ಶ್ರಮದ ಅಂದಾಜು ಸಿಗಬಹುದು. ಲಕ್ಕುಂಡಿಯಲ್ಲಿ 1007ರ ಹೊತ್ತಿಗೆ ಅವಳು ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಆದರೂ ಅವಳ ದಾನಗಳಲ್ಲಿ ಆ ಸಾವಿರ ಗ್ರಂಥಗಳೇ ನನಗೆ ದೊಡ್ಡವಾಗಿ ಕಾಣುತ್ತವೆ. ಜನರು ಅವಳನ್ನು ದಾನಚಿಂತಾಮಣಿ ಎಂದು ಕರೆದದ್ದರಲ್ಲಿ ಅತಿಶಯೋಕ್ತಿಯೇನೂ ಇಲ್ಲ.

ಈ ಅತ್ತಿಮಬ್ಬೆಯ ಆಶ್ರಯದಲ್ಲಿ ರನ್ನನು ಅಜಿತಪುರಾಣವನ್ನು ಬರೆದು 993ರಲ್ಲಿ ಮುಗಿಸಿದನು. ಹನ್ನೆರಡು ಆಶ್ವಾಸಗಳ ಆ ಗ್ರಂಥದಲ್ಲಿ ತೀರ್ಥಂಕರನ ಚರಿತ್ರೆಯ ಜತೆಗೆ ಅವಳ ಬಾಳಿನ ಸಂಗತಿಗಳನ್ನೂ ದಾಖಲಿಸಿದ್ದಾನೆ. ತನ್ನ ಕುಲವನ್ನು ಅವನು ಮುಚ್ಚಿಡಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ದೊರೆಗಳ ಸಭೆಯಲ್ಲಿ ಕೂರುವಷ್ಟು ದೊಡ್ಡವನಾದ ಮೇಲೆ ಬೇರೊಂದು ವಂಶಾವಳಿಯನ್ನು ಹೆಣೆದುಕೊಳ್ಳಬಹುದಿತ್ತು. ಹಾಗೆ ಹೆಣೆದುಕೊಂಡವರು ಎಲ್ಲ ಕಾಲದಲ್ಲೂ ಇದ್ದಾರೆ. ರನ್ನನು ತಾನು ಬಳೆಗಾರರವನೆಂದು ಬರೆದೇ ಇಟ್ಟನು. ಅವನು ಬರೆಯದಿದ್ದರೆ ನಮಗೆ ಈ ಸಂಗತಿ ತಿಳಿಯುತ್ತಲೇ ಇರಲಿಲ್ಲ. ಇಂದು ಪಟ್ಟಣದಲ್ಲಿ ನೌಕರಿ ಹಿಡಿದ ನಮ್ಮ ಕೆಲವು ಹುಡುಗರು ಅಬ್ಬನ ಕಸುಬನ್ನು ಕೇಳಿದರೆ ಮಾತು ಮರೆಸುವುದನ್ನು ಕಂಡಿದ್ದೇನೆ. ಹಲಾಲಿನ ದುಡಿಮೆಯಲ್ಲಿ ನಾಚಿಕೆ ಏತಕ್ಕೆ?

ತೈಲಪ ಚಕ್ರವರ್ತಿ ಅವನಿಗೆ ಕವಿಚಕ್ರವರ್ತಿ ಎಂಬ ಬಿರುದನ್ನು ಕೊಟ್ಟನು. ಮೊದಲು ಸಾಮಂತರು, ಆಮೇಲೆ ಮಂಡಲೇಶ್ವರರು, ಕೊನೆಗೆ ಚಕ್ರವರ್ತಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತಾನು ಏರಿದೆನೆಂದು ರನ್ನನೇ ಹೇಳಿಕೊಂಡಿದ್ದಾನೆ. ಒಂದೇ ದಿನದಲ್ಲಿ ಅದೃಷ್ಟ ತೆರೆದ ಕಥೆಯಲ್ಲ ಇದು. ಅಜಿತಪುರಾಣ ಮುಗಿದಾಗ ಅವನಿಗೆ ನಲವತ್ತನಾಲ್ಕು ವರ್ಷ.

ಅವನ ಹೆಸರನ್ನು ಉಳಿಸಿದ್ದು ಸಾಹಸಭೀಮವಿಜಯ ಅಥವಾ ಗದಾಯುದ್ಧವೆಂಬ ಕಾವ್ಯ. ತೈಲಪನ ಮಗ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದದ್ದು. ಹತ್ತು ಆಶ್ವಾಸಗಳಲ್ಲಿ ಭಾರತ ಯುದ್ಧದ ಕೊನೆಯ ದಿನವನ್ನು ಹಿಡಿದು ಇಡೀ ಕಥೆಯನ್ನು ಹಿಂದಿರುಗಿ ನೋಡುತ್ತಾನೆ. ಕಾವ್ಯದ ನಾಯಕ ಭೀಮನೇ. ಆದರೆ ಓದಿ ಮುಗಿಸಿದಾಗ ಮನಸ್ಸಿನಲ್ಲಿ ನಿಲ್ಲುವವನು ಸೋತ ದುರ್ಯೋಧನ. ಎಲ್ಲರನ್ನೂ ಕಳೆದುಕೊಂಡ ಆ ದೊರೆ ಸಂಜಯನೊಬ್ಬನ ಜತೆಯಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ಗುರು ದ್ರೋಣನ ಮುಂದೆ, ತಮ್ಮ ದುಶ್ಶಾಸನನ ಮುಂದೆ, ಗೆಳೆಯ ಕರ್ಣನ ಮುಂದೆ ನಿಂತು ಅಳುತ್ತಾನೆ. ವೈರಿಯ ಮಗನಾದ ಬಾಲಕ ಅಭಿಮನ್ಯುವಿನ ಶವವನ್ನು ಕಂಡಾಗಲೂ ಮುಂದೆ ಹೋಗುವುದಿಲ್ಲ. ಅವನ ಶೌರ್ಯವನ್ನು ಹೊಗಳಿ, ತನಗೂ ಅಂಥ ವೀರಮರಣ ಬರಲೆಂದು ಬಯಸುತ್ತಾನೆ. ವೈರಿಯಲ್ಲಿರುವ ಒಳ್ಳೆಯದನ್ನು ಒಪ್ಪುವುದು ನಮ್ಮಲ್ಲಿ ಎಷ್ಟು ಮಂದಿಗೆ ಸಾಧ್ಯ? ಓಣಿಯ ಜಗಳದಲ್ಲಿ ಮಾತು ಬಿಟ್ಟವರ ಮನೆಯ ಮಯ್ಯಿತಿಗೆ ಹೋಗಲೂ ಹಿಂದೆಮುಂದೆ ನೋಡುವವರು ನಾವು.

ಕರ್ಣನ ಭಾಗವನ್ನು ಓದುವಾಗ ಬರೆದವನು ಬಳೆಗಾರರ ಮಗನೆಂಬುದು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಕುಲದ ಮಾತೆತ್ತಿ ಸಭೆಯಲ್ಲಿ ಚುಚ್ಚಿಸಿಕೊಂಡವನಿಗೆ ಕುಲ ಕೇಳದೆ ಸಿಕ್ಕ ಒಬ್ಬ ಗೆಳೆಯನ ಬೆಲೆಯನ್ನು ರನ್ನನಷ್ಟು ಬಲ್ಲವರು ಅರಮನೆಯಲ್ಲಿ ಎಷ್ಟು ಜನರಿದ್ದರು? ಈ ಕಾವ್ಯವನ್ನೇ ಮುಂದೆ ಬಿ.ಎಂ.ಶ್ರೀ. ಅವರು ಗದಾಯುದ್ಧ ನಾಟಕವಾಗಿ ರೂಪಿಸಿದರು.

ರನ್ನನಲ್ಲಿ ಒಂದು ಕುಂದು ಇತ್ತು. ಅದನ್ನೂ ಹೇಳದಿದ್ದರೆ ನ್ಯಾಯವಾಗದು. ತನ್ನನ್ನು ತಾನೇ ಹೊಗಳಿಕೊಳ್ಳುವುದರಲ್ಲಿ ಅವನು ಕೈ ಹಿಡಿಯಲಿಲ್ಲ. ತನ್ನ ಕಾವ್ಯವನ್ನು ಪರೀಕ್ಷಿಸಲು ಬರುವವನಿಗೆ ಸಾಮಾನ್ಯ ಎದೆ ಸಾಲದೆಂದು ಸವಾಲು ಹಾಕಿದವನು ಅವನು. ಮದರಸದಲ್ಲಿ ಮುತನಬ್ಬಿಯ ದೀವಾನನ್ನು ಓದಿದವರಿಗೆ ಈ ದನಿ ಪರಿಚಯದ್ದೇ. ಕೂಫಾದಲ್ಲಿ ನೀರು ಹೊರುವವನ ಮಗನಾಗಿ ಹುಟ್ಟಿದನೆಂದು ಹೇಳಲಾಗುವ ಆ ಅರಬಿ ಕವಿ ಅಲೆಪ್ಪೋದ ಸೈಫುದ್ದೌಲಾನ ಆಸ್ಥಾನವನ್ನು ಏರಿದನು; 965ರಲ್ಲಿ ದಾರಿಯಲ್ಲಿ ಕೊಲೆಯಾದನು. ಆಗ ಮುಧೋಳದ ಹುಡುಗನಿಗೆ ಹದಿನಾರು ವರ್ಷ. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರಲಾರರು. ಆದರೂ ಇಬ್ಬರ ಗರ್ವವೂ ಒಂದೇ ಬಗೆಯದು. ಗರ್ವ ಯಾರದಾದರೂ ಗರ್ವವೇ, ಅದನ್ನು ಮೆಚ್ಚಲಾಗದು. ಆದರೆ ಹುಟ್ಟಿನಿಂದ ಎಲ್ಲವನ್ನೂ ಪಡೆದವನ ಜಂಬಕ್ಕೂ, ನಿನ್ನಿಂದೇನಾದೀತು ಎಂದು ಕೇಳಿಸಿಕೊಂಡು ಬೆಳೆದವನು ಗೆದ್ದ ಮೇಲೆ ಹೊರಹಾಕುವ ಮಾತಿಗೂ ವ್ಯತ್ಯಾಸವಿದೆಯೆಂದು ನನಗೆ ತೋರುತ್ತದೆ.

ಈ ಗರ್ವಿಷ್ಠನೇ ಉಪಕಾರ ಸ್ಮರಣೆಯಲ್ಲಿ ಮಾತ್ರ ಮಗುವಿನಂಥವನು. ಜಕ್ಕಿ ಮತ್ತು ಶಾಂತಿ ಎಂಬ ಇಬ್ಬರು ಹೆಂಡಿರಿದ್ದ ಅವನಿಗೆ ಒಬ್ಬ ಮಗ, ಒಬ್ಬ ಮಗಳು ಇದ್ದರು. ಮಗನಿಗೆ ರಾಯನೆಂದು ಹೆಸರಿಟ್ಟನು, ಚಾವುಂಡರಾಯನ ನೆನಪಿಗಾಗಿ. ಮಗಳಿಗೆ ಅತ್ತಿಮಬ್ಬೆ ಎಂದು ಹೆಸರಿಟ್ಟನು. ಮನೆಯಲ್ಲಿ ಮಕ್ಕಳನ್ನು ಊಟಕ್ಕೆ ಕರೆದಾಗಲೆಲ್ಲ ಅನ್ನ ಕೊಟ್ಟವರ ಹೆಸರು ಅವನ ನಾಲಗೆಯ ಮೇಲೆ ಬರುತ್ತಿತ್ತು.

ಪರಶುರಾಮಚರಿತ, ಚಕ್ರೇಶ್ವರಚರಿತ ಎಂಬ ಇನ್ನೆರಡು ಗ್ರಂಥಗಳನ್ನೂ ಅವನು ಬರೆದಿದ್ದನು. ಎರಡೂ ಸಿಕ್ಕಿಲ್ಲ. ಸಾವಿರ ಪ್ರತಿ ಬರೆಸುವ ಅತ್ತಿಮಬ್ಬೆ ಎಲ್ಲ ಗ್ರಂಥಕ್ಕೂ ಸಿಗುವುದಿಲ್ಲವಲ್ಲ. ಅವನನ್ನು ಸಾಕಿದ ಗಂಗರ ರಾಜ್ಯ ಚೋಳರ ಪಾಲಾಯಿತು. ಕವಿಚಕ್ರವರ್ತಿ ಎಂದು ಕರೆದ ಚಾಲುಕ್ಯರೂ ಹೋದರು. ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿ, ಮುಂದೆ ಬಿಜಾಪುರ ಜಿಲ್ಲೆಯ ತಾಲ್ಲೂಕಾಗಿ, 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಸೇರಿತು. ಇಂದು ಆ ಊರಿನಲ್ಲಿ ರನ್ನನ ಹೆಸರಿನ ಭವನವಿದೆ. ಅದೇ ಊರಿನ ಸಂತೆಯಲ್ಲಿ ಈಗಲೂ ಬಳೆ ಮಾರುತ್ತಾರೆ. ಅಂಗಡಿಯ ಹಿಂದೆ ಕೂತು ದಾರ ಕಟ್ಟುವ ಹುಡುಗನ ಪಾಟಿಚೀಲ ಪಕ್ಕದಲ್ಲೇ ಬಿದ್ದಿರುತ್ತದೆ.