ವಾಂತಿಭೇದಿಯ ವಿಷಮೂಲವನ್ನರಿತ ಡಾ. ಶಂಭುನಾಥ ಡೇ

ದೇವಾನಾಂಪ್ರಿಯನೆಂಬ ದೊರೆಯು ಅಶೋಕನೇ ಎಂಬುದನ್ನು ಸ್ಥಿರಪಡಿಸಿದ ಮಸ್ಕಿಯ ಶಾಸನವು ಬೆಳಕಿಗೆ ಬಂದುದು ೧೯೧೫ರಲ್ಲಿ. ಬಿರುದಿನ ಮರೆಯಲ್ಲಿದ್ದ ಹೆಸರೊಂದು ಆ ಬಂಡೆಯಿಂದ ಲೋಕವಿದಿತವಾಯಿತು. ಅದೇ ವರ್ಷದ ಫೆಬ್ರವರಿ ೧ರಂದು ಬಂಗಾಳದ ಹೂಗ್ಲಿ ಜಿಲ್ಲೆಯ ಗ್ರಾಮವೊಂದರಲ್ಲಿ ಜನಿಸಿದ ಡಾ. ಶಂಭುನಾಥ ಡೇ ಅವರ ಹೆಸರೂ ಬಹುಕಾಲ ಮರೆಯಲ್ಲಿಯೇ ಉಳಿದಿದ್ದಿತು.

ಅವರದು ಸಿರಿವಂತ ಮನೆತನವಲ್ಲ. ಬಂಧುಗಳ ನೆರವಿನಿಂದಲೂ ವಿದ್ಯಾರ್ಥಿವೇತನದಿಂದಲೂ ಓದಿ, ೧೯೩೯ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಪದವೀಧರರಾದರು. ಲಂಡನ್ನಿನಲ್ಲಿ ಸಂಶೋಧನೆ ನಡೆಸಿ, ೧೯೪೯ರಲ್ಲಿ ಡಾಕ್ಟರೇಟ್ ಪಡೆದು ಸ್ವದೇಶಕ್ಕೆ ಮರಳಿದರು.

ಊರೂರುಗಳನ್ನೇ ಬರಿದುಮಾಡುತ್ತಿದ್ದ ವಾಂತಿಭೇದಿಯ ರೋಗಾಣುವನ್ನು ೧೮೮೪ರಲ್ಲಿ ರಾಬರ್ಟ್ ಕಾಕ್ ಕಲ್ಕತ್ತೆಯಲ್ಲಿಯೇ ಗುರುತಿಸಿದ್ದರು. ಆದರೆ ಅದು ಕೊಲ್ಲುವ ಬಗೆ ನಿಗೂಢವಾಗಿತ್ತು. ರೋಗವು ಕರುಳಿನದಾದುದರಿಂದ ಪರೀಕ್ಷೆಯೂ ಕರುಳಿನಲ್ಲಿಯೇ ಆಗಬೇಕೆಂದು ಡೇ ನಿಶ್ಚಯಿಸಿದರು. ಮೊಲದ ಸಣ್ಣ ಕರುಳಿನ ಒಂದು ಭಾಗವನ್ನು ಎರಡೂ ಕಡೆ ದಾರದಿಂದ ಬಿಗಿದು, ನಡುವೆ ರೋಗಾಣುಗಳನ್ನು ಸೇರಿಸಲು ಆ ಭಾಗವು ನೀರು ತುಂಬಿ ಉಬ್ಬಿತು. ಈ ವಿಧಾನವು ಪ್ರಕಟವಾದುದು ೧೯೫೩ರಲ್ಲಿ. ೧೯೫೯ರಲ್ಲಿ, ರೋಗಾಣುಗಳನ್ನು ಬೆಳೆಸಿ, ಸೋಸಿ ತೆಗೆದ ಬಳಿಕ ಉಳಿದ ದ್ರವವೊಂದೇ ಅದೇ ಪರಿಣಾಮವನ್ನುಂಟುಮಾಡುವುದೆಂದು ತೋರಿಸಿದರು. ಪ್ರಾಣಾಪಾಯಕ್ಕೆ ಕಾರಣವು ರೋಗಾಣು ಸ್ರವಿಸುವ ವಿಷವೆಂಬುದು ಹೀಗೆ ಸಿದ್ಧವಾಯಿತು.

ಆ ವಿಷವನ್ನು ರೋಗಾಣುವು ಸದಾ ಸುರಿಸುವುದಿಲ್ಲ. ಕರುಳನ್ನು ಸೇರಿದ ಮೇಲೆ ಅಲ್ಲಿನ ಪರಿಸರವನ್ನರಿತು, ವಿಷೋತ್ಪತ್ತಿಯ ಜೀನುಗಳನ್ನು ಎಚ್ಚರಿಸುತ್ತದೆ. ಈ ನಿಯಂತ್ರಣದ ಕೀಲಿಯಾದ ಟಾಕ್ಸ್-ಆರ್ ಎಂಬ ಜೀನಿನ ಕಾರ್ಯವನ್ನು ಅಮೆರಿಕದ ವಿಜ್ಞಾನಿಗಳು ೧೯೮೪ರಲ್ಲಿ ನಿರೂಪಿಸಿದರು. ವಿಷವಿದೆಯೆಂದು ಡೇ ತೋರಿಸಿದ್ದುದರಿಂದಲೇ ಅದರ ಒಡೆತನ ಯಾರದೆಂಬ ಈ ಶೋಧಕ್ಕೆ ದಾರಿ ತೆರೆಯಿತು.

೧೯೭೩ರಲ್ಲಿ ನಿವೃತ್ತರಾದ ಡೇ ಅವರನ್ನು ೧೯೭೮ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರಗೋಷ್ಠಿಗೆ ಆಹ್ವಾನಿಸಲಾಯಿತು. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಆ ಬಹುಮಾನಕ್ಕೆ ಅವರ ಹೆಸರನ್ನು ಒಂದಕ್ಕಿಂತ ಹೆಚ್ಚು ಬಾರಿ ಸೂಚಿಸಿದ್ದರು. ಸ್ವದೇಶದಲ್ಲಿ ಮಾತ್ರ ದೊಡ್ಡ ಗೌರವವೊಂದೂ ದೊರೆಯದೆ, ೧೯೮೫ರ ಏಪ್ರಿಲ್ ೧೫ರಂದು ಅವರು ಕಾಲವಶರಾದರು. ೧೯೯೦ರಲ್ಲಿ ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯು ವಿಶೇಷ ಸಂಚಿಕೆಯನ್ನರ್ಪಿಸಿ ಆ ಋಣವನ್ನು ಕಿಂಚಿತ್ತಾದರೂ ತೀರಿಸಿತು.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹಳ್ಳಿಗಳಲ್ಲಿ ಭೇದಿಯಿಂದ ಬಳಲಿದ ಕೂಸಿಗೆ ಉಪ್ಪು ಸಕ್ಕರೆಯ ನೀರುಣಿಸುವ ತಾಯಿಯು ಡೇ ಅವರ ಹೆಸರನ್ನು ಕೇಳಿರಲಾರಳು. ಕರುಳು ಕಳೆದುಕೊಂಡ ನೀರನ್ನು ಮರಳಿ ಕೊಡಬೇಕೇಕೆಂಬುದನ್ನು ತಿಳಿಯಪಡಿಸಿದವರಲ್ಲಿ ಅವರು ಅಗ್ರಗಣ್ಯರು. ಕೀರ್ತಿಯನ್ನು ಬಯಸದೆ ನಡೆಸಿದ ಕಾಯಕದ ಫಲವಿದು. ಬಡಹುಡುಗನೊಬ್ಬನ ಓದಿಗೆ ಅಂದು ಒದಗಿದ ನೆರವಿನ ಫಲವೂ ಹೌದು.